ಓದಿನ ಹೊತ್ತು: ಕನ್ನಡ ಸಮಾಜವು ಓದಿಗೆ ಸಮಯ ಮಾಡಿಕೊಂಡ ಬಗೆ

ಓದುವ ಆಸೆ ಇದೆ, ಪುರುಸೊತ್ತು ಮಾತ್ರ ಇಲ್ಲ ಎಂಬುದು ಇಂದು ಕನ್ನಡದ ಅಕ್ಷರಸ್ಥ ಮನೆಗಳಲ್ಲಿ ಅತಿ ಸಾಮಾನ್ಯವಾಗಿ ಕೇಳಿಬರುವ ದೂರು. ಇದಕ್ಕೆ ದೊರೆಯುವ ಉತ್ತರವೂ ಅಷ್ಟೇ ಸಾಮಾನ್ಯವಾದದ್ದು, ಮನಸ್ಸಿದ್ದರೆ ಮಾರ್ಗವಿದೆ ಎಂಬುದು. ಈ ಉತ್ತರವು ಸಮಯದ ಅಭಾವವನ್ನು ಸಂಕಲ್ಪದ ಅಭಾವವೆಂದು ಎಣಿಸಿ, ಓದದವರ ಮೇಲೆ ಸೋಮಾರಿತನದ ಆರೋಪವನ್ನು ಹೊರಿಸಿ ಮುಗಿದುಹೋಗುತ್ತದೆ. ಕನ್ನಡ ನಾಡಿನ ಓದಿನ ಚರಿತ್ರೆಯನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಬೇರೆಯೇ ಒಂದು ಸಂಗತಿ ಕಾಣಿಸುತ್ತದೆ: ಓದಿಗೆ ಬೇಕಾದ ಹೊತ್ತನ್ನು ಬಿಡಿ ವ್ಯಕ್ತಿಗಳು ತಮ್ಮ ಮನೋಬಲದಿಂದಲೇ ದೊರಕಿಸಿಕೊಂಡದ್ದು ಅಪರೂಪ, ಋತುವಿನ ಲಯ, ಊರಿನ ಪದ್ಧತಿ, ಕಾವ್ಯದ ರಚನೆ, ಪತ್ರಿಕೆಯ ಕಂತು, ಗ್ರಂಥಾಲಯದ ಕಾನೂನು ಇವೆಲ್ಲ ಸೇರಿ ಆ ಹೊತ್ತನ್ನು ಕಟ್ಟಿಕೊಟ್ಟಿವೆ. ಹೀಗೆ ಕಟ್ಟಿಕೊಟ್ಟ ವ್ಯವಸ್ಥೆಗಳು ಯಾವುವು, ಅವುಗಳಲ್ಲಿ ಸುಖ ಎಲ್ಲಿತ್ತು, ಅವು ಯಾರನ್ನು ಹೊರಗಿಟ್ಟವು ಎಂಬುದನ್ನು ವಿಚಾರಿಸುವುದು ಪ್ರಸ್ತುತ ಉಪನ್ಯಾಸದ ಉದ್ದೇಶ.

ಅಚ್ಚಿನ ಯಂತ್ರ ಬರುವ ಮೊದಲು, ಮತ್ತು ಬಂದ ಮೇಲೂ ಬಹಳ ಕಾಲದವರೆಗೆ, ಕನ್ನಡದಲ್ಲಿ ಓದು ಎಂಬುದು ಬಹುಮಟ್ಟಿಗೆ ಒಬ್ಬರು ದನಿಯೆತ್ತಿ ಓದಿ ಹತ್ತಾರು ಜನ ಕುಳಿತು ಕೇಳುವ ಕ್ರಿಯೆಯಾಗಿತ್ತು. ಕಾವ್ಯವನ್ನು ಅದರ ಛಂದಸ್ಸು ಕೆಡದಂತೆ, ಅರ್ಥಕ್ಕೂ ಭಾವಕ್ಕೂ ಹೊಂದುವ ರಾಗದಲ್ಲಿ, ಆದರೆ ಸಂಗೀತ ಕಛೇರಿಯಂತೆ ರಾಗವೇ ಪ್ರಧಾನವಾಗದಂತೆ ವಾಚಿಸುವ ಕಲೆಗೆ ಗಮಕವೆಂದು ಹೆಸರು. ವಾಚಿಸುವವರು ಗಮಕಿ, ಪದ್ಯವನ್ನು ಬಿಡಿಸಿ ಆಡುಮಾತಿನಲ್ಲಿ ವಿವರಿಸುವವರು ವ್ಯಾಖ್ಯಾನಕಾರರು. ಶಿವಮೊಗ್ಗದ ಬಳಿಯ ಮತ್ತೂರು ಮತ್ತು ಹೊಸಹಳ್ಳಿ ಈ ಕಲೆಗೆ ಹೆಸರಾದ ಊರುಗಳು; ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಸಂದದ್ದು ಈ ಕಲೆಗೆ ತಡವಾಗಿ ದೊರೆತ ಮನ್ನಣೆ. ಗಮಕದಷ್ಟು ಶಾಸ್ತ್ರೀಯವಲ್ಲದ ರೂಪದಲ್ಲಿಯೂ ಇದೇ ಪದ್ಧತಿ ನಾಡಿನ ಉದ್ದಗಲಕ್ಕೂ ಇತ್ತು. ಉತ್ತರ ಕರ್ನಾಟಕದ ಮಠ ಮತ್ತು ಗುಡಿಗಳಲ್ಲಿ ಶ್ರಾವಣ ಮಾಸದಲ್ಲಿ ಪುರಾಣ ಹಚ್ಚುವುದು ಇಂದಿಗೂ ಬಳಕೆಯಲ್ಲಿದೆ; ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಕುಮಾರವ್ಯಾಸನ ಭಾರತವೋ ಲಕ್ಷ್ಮೀಶನ ‘ಜೈಮಿನಿ ಭಾರತ’ವೋ ಚಾವಡಿಯ ದೀಪದ ಮುಂದೆ ರಾತ್ರಿಯ ಊಟದ ಅನಂತರ ತೆರೆಯುತ್ತಿತ್ತು.

ಈ ಪದ್ಧತಿಯಲ್ಲಿ ಗಮನಿಸಬೇಕಾದದ್ದು ಸಮಯದ ನಿರ್ಧಾರ. ಮಳೆಗಾಲದಲ್ಲಿ ನಾಟಿ ಮತ್ತು ಬಿತ್ತನೆ ಮುಗಿದು ಕಳೆಯ ಕೆಲಸವೂ ಒಂದು ಹದಕ್ಕೆ ಬಂದ ಮೇಲೆ, ಸುಗ್ಗಿಗೆ ಇನ್ನೂ ದಿನಗಳಿರುವಾಗ, ಕತ್ತಲೆ ಬೇಗ ಕವಿದು ಹೊರಗೆ ಕಾಲಿಡಲಾಗದ ಸಂಜೆಗಳು ಬರುತ್ತವೆ. ಪುರಾಣದ ಓದು ಬಂದು ಕುಳಿತದ್ದು ಆ ಸಂಜೆಗಳಲ್ಲಿ. ಕಾವ್ಯದ ರಚನೆಯೂ ಇದಕ್ಕೆ ಅನುಕೂಲವಾಗಿತ್ತು. ‘ಜೈಮಿನಿ ಭಾರತ’ದಲ್ಲಿ 34 ಸಂಧಿಗಳಿವೆ, ಸಂಧಿ ಎಂದರೆ ಕಥೆಯ ಒಂದು ಘಟ್ಟವನ್ನು ಒಳಗೊಂಡ, ಒಂದೇ ಸಲಕ್ಕೆ ಓದಿ ಮುಗಿಸಬಹುದಾದ ಅಧ್ಯಾಯ. ಒಟ್ಟು 1907 ವಾರ್ಧಕ ಷಟ್ಪದಿಗಳನ್ನು ಸಂಧಿಗಳಿಗೆ ಹಂಚಿದರೆ ಸರಾಸರಿ ಐವತ್ತಾರು ಪದ್ಯಗಳಾಗುತ್ತವೆ. ವ್ಯಾಖ್ಯಾನವಿಲ್ಲದೆ ವಾಚಿಸಿದರೆ ಒಂದು ಸಂಜೆಗೆ ಇದು ಹೆಚ್ಚಲ್ಲ. ರಾತ್ರಿಗೊಂದು ಸಂಧಿಯಂತೆ ಶ್ರಾವಣದ ಮೊದಲ ದಿನ ಹಿಡಿದ ಕಾವ್ಯ, ಭಾದ್ರಪದದ ಮೊದಲ ವಾರದಲ್ಲಿ ಮಂಗಳವಾಗುತ್ತದೆ. ಲಕ್ಷ್ಮೀಶನು ಶ್ರಾವಣವನ್ನು ಲೆಕ್ಕವಿಟ್ಟು ಬರೆದನೆಂದು ಹೇಳುವುದು ಅತಿಯಾದೀತು. ಆದರೆ ಕೇಳುವ ಮಂದಿಯ ಸಹನೆಯ ಅಳತೆ ಆ ಕವಿಗಳಿಗೆ ತಿಳಿದಿತ್ತು ಎಂಬುದರಲ್ಲಿ ಸಂದೇಹವಿಲ್ಲ. ಎಲ್ಲಿ ನಿಲ್ಲಿಸಬೇಕೆಂಬುದನ್ನು ಕಾವ್ಯವೇ ಹೇಳುತ್ತಿದ್ದುದರಿಂದ, ಎಷ್ಟು ಓದಬೇಕೆಂಬ ಚಿಂತೆ ಕೇಳುಗನದಾಗಿರಲಿಲ್ಲ.

ಸುಖದ ಮಾತೂ ಇಲ್ಲಿ ಬರಬೇಕು. ಕಥೆ ಎಲ್ಲರಿಗೂ ಮೊದಲೇ ಗೊತ್ತಿತ್ತು. ಬಭ್ರುವಾಹನ ಅರ್ಜುನನನ್ನು ಕೆಡಹುತ್ತಾನೆಂಬುದು, ಚಂದ್ರಹಾಸ ಬದುಕಿ ಉಳಿಯುತ್ತಾನೆಂಬುದು ಮಗುವಿಗೂ ತಿಳಿದಿತ್ತು. ಮುಂದೇನು ಎಂಬ ಕುತೂಹಲಕ್ಕಿಂತ ಹೇಗೆ ಹೇಳಿದ್ದಾನೆ ಎಂಬ ಆಸ್ವಾದವೇ ಜನರನ್ನು ಮರುವರ್ಷವೂ ಅದೇ ಚಾವಡಿಗೆ ಕರೆತಂದಿತು. ಪುನರ್ವಾಚನ, ಅಂದರೆ ಒಮ್ಮೆ ಓದಿದ್ದನ್ನೇ ಮತ್ತೆ ಓದುವುದು, ಇಂದು ಸಮಯದ ಅಪವ್ಯಯವೆಂಬಂತೆ ತೋರುತ್ತದೆ. ಓದಿದ ಪುಸ್ತಕಗಳ ಸಂಖ್ಯೆಯನ್ನು ವರ್ಷದ ಕೊನೆಗೆ ಎಣಿಸಿ ಪ್ರಕಟಿಸುವ ಹೊಸ ರೂಢಿಗೆ ಅದು ಸ್ವಲ್ಪವೂ ಒಗ್ಗುವುದಿಲ್ಲ. ಆದರೆ ನಾಲ್ಕಾರು ಕಾವ್ಯಗಳನ್ನೇ ಜೀವಮಾನವೆಲ್ಲ ಕೇಳಿದ ಜನ ಸಂದರ್ಭಕ್ಕೆ ತಕ್ಕ ಪದ್ಯವನ್ನು ಬಾಯಿಂದಲೇ ಹೇಳಬಲ್ಲವರಾಗಿದ್ದರು. ವರ್ಷಕ್ಕೆ ನೂರು ಪುಸ್ತಕ ಮುಗಿಸಿದವರಲ್ಲಿ ಎಷ್ಟು ಜನ ಹಾಗೆ ಹೇಳಬಲ್ಲರು ಎಂಬುದು ಕೇಳಬೇಕಾದ ಪ್ರಶ್ನೆಯೇ.

ಇಷ್ಟು ಹೇಳಿ ಆ ಕಾಲವನ್ನು ಸುವರ್ಣಯುಗವೆಂದು ಕೊಂಡಾಡುವುದು ಅಪ್ರಾಮಾಣಿಕವಾಗುತ್ತದೆ. ಚಾವಡಿಯ ಓದಿನಲ್ಲಿ ಕುಳಿತುಕೊಳ್ಳುವ ಜಾಗ ಜಾತಿಯಿಂದ ನಿಶ್ಚಿತವಾಗಿತ್ತು. ಎಷ್ಟೋ ಜನರಿಗೆ ಅಂಗಳದ ಆಚೆಯೇ ಅದು ಕೇಳಿಸಬೇಕಿತ್ತು. ಹೆಂಗಸರು ಬಾಗಿಲ ಮರೆಯಲ್ಲಿ, ಅಡಿಗೆಮನೆಯ ಕೆಲಸ ಮುಗಿಸಿ ಬಂದಷ್ಟು ಹೊತ್ತು ಕೇಳಿದರು. ಪುಸ್ತಕವನ್ನು ಕೈಗೆತ್ತಿಕೊಂಡು ತಾನೇ ಓದುವ ಅಧಿಕಾರ ಹೆಚ್ಚಿನವರಿಗೆ ಇರಲಿಲ್ಲ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಕನ್ನಡಿಗರ ಹೆಮ್ಮೆಯ ಸಂಗತಿ, ಒಬ್ಬ ಹೆಂಗಸು ಸಾವಿರ ಪ್ರತಿ ಹಂಚಿದ ನಾಡಿನಲ್ಲಿಯೇ ಹೆಂಗಸರು ಓದು ಕಲಿಯಲು ಮತ್ತೆ ಒಂಬೈನೂರು ವರ್ಷ ಕಾಯಬೇಕಾಯಿತು ಎಂಬುದನ್ನು ಆ ಹೆಮ್ಮೆಯ ಜೊತೆಯಲ್ಲಿಯೇ ನೆನೆಯಬೇಕು.

ಅಚ್ಚಾದ ಪುಸ್ತಕ ಈ ಸ್ಥಿತಿಯನ್ನು ನಿಧಾನವಾಗಿ ಬದಲಾಯಿಸಿತು. ಬೆಲೆ ಕೊಟ್ಟು ಕೊಂಡದ್ದನ್ನು ಯಾರ ಅಪ್ಪಣೆಯೂ ಇಲ್ಲದೆ, ಯಾವ ಹೊತ್ತಿನಲ್ಲಿ ಬೇಕಾದರೂ, ಮೌನವಾಗಿ ಓದಬಹುದೆಂಬುದು ಹೊಸ ಅನುಭವ. ಆದರೆ ಪುಸ್ತಕವನ್ನು ಕೊಳ್ಳುವ ಅಭ್ಯಾಸವಿಲ್ಲದ ಸಮಾಜಕ್ಕೆ ಅದನ್ನು ತಲುಪಿಸಿದವರ ಶ್ರಮ ಸಣ್ಣದಲ್ಲ. ಗಳಗನಾಥರು, ಅಂದರೆ ವೆಂಕಟೇಶ ತಿರಕೋ ಕುಲಕರ್ಣಿಯವರು, ಕಾದಂಬರಿಗಳನ್ನು ಬರೆದದ್ದಲ್ಲದೆ ಅವುಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ, ಮನೆಮನೆಯ ಬಾಗಿಲಿಗೆ ಹೋಗಿ ಮಾರಿದರು. ನಂಜನಗೂಡಿನ ತಿರುಮಲಾಂಬ ಅವರು ಬಾಲ್ಯದಲ್ಲಿಯೇ ವಿಧವೆಯಾಗಿ, ಮನೆಯಲ್ಲಿಯೇ ಓದು ಕಲಿತು, 1913ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ಆರಂಭಿಸಿ, ಹೆಂಗಸರಿಗಾಗಿ ಕಾದಂಬರಿಗಳನ್ನು ತಾವೇ ಬರೆದು ತಾವೇ ಪ್ರಕಟಿಸಿದರು. ಗ್ರಂಥಮಾಲೆಯೆಂದರೆ ಒಂದೇ ಹೆಸರಿನಡಿ ಸಾಲಾಗಿ ಹೊರಬರುವ ಪುಸ್ತಕಗಳ ಸರಣಿ. ಚಂದಾದಾರರು ಮೊದಲೇ ಹಣ ಕಟ್ಟಿದರೆ ವರ್ಷಕ್ಕೆ ಇಂತಿಷ್ಟು ಪುಸ್ತಕಗಳು ಅಂಚೆಯಲ್ಲಿ ಮನೆಗೆ ಬರುವ ಏರ್ಪಾಡು ಅನೇಕ ಮಾಲೆಗಳಲ್ಲಿ ಇತ್ತು. 1933ರಲ್ಲಿ ಧಾರವಾಡದಲ್ಲಿ ಹುಟ್ಟಿದ ಮನೋಹರ ಗ್ರಂಥಮಾಲೆ ಜಿ.ಬಿ. ಜೋಶಿಯವರ ದುಡಿಮೆಯಿಂದ ಇದೇ ಚಂದಾ ಪದ್ಧತಿಯ ಮೇಲೆ ನಿಂತಿತು. ಇಲ್ಲಿಯೂ ಓದುಗನ ಪಾಲಿನ ಒಂದು ತೊಡಕು ಕಡಿಮೆಯಾಗಿತ್ತು: ಯಾವುದನ್ನು ಓದಬೇಕು ಎಂಬ ಆಯ್ಕೆಗೆ ಹೊತ್ತು ಕಳೆಯಬೇಕಾಗಿರಲಿಲ್ಲ, ಪುಸ್ತಕ ಬಾಗಿಲಿಗೆ ಬಂದಿರುತ್ತಿತ್ತು.

ಆದರೆ ಕನ್ನಡದ ಸಾಮಾನ್ಯ ಓದುಗರಿಗೆ ಓದಿನ ಹೊತ್ತನ್ನು ಎಲ್ಲಕ್ಕಿಂತ ಹೆಚ್ಚು ಗಟ್ಟಿಯಾಗಿ ಕಟ್ಟಿಕೊಟ್ಟದ್ದು ವಾರಪತ್ರಿಕೆಯ ಧಾರಾವಾಹಿ. ಕಾದಂಬರಿಯೊಂದನ್ನು ವಾರಕ್ಕೊಂದು ಕಂತಿನಂತೆ, ಕುತೂಹಲದ ಘಟ್ಟದಲ್ಲಿ ನಿಲ್ಲಿಸಿ ಪ್ರಕಟಿಸುವ ಕ್ರಮಕ್ಕೆ ಈ ಹೆಸರು. ಸಂಧಿ ಮಾಡುತ್ತಿದ್ದ ಕೆಲಸವನ್ನೇ ಅದು ಅಚ್ಚಿನ ಲೋಕದಲ್ಲಿ ಮುಂದುವರಿಸಿತು. ‘ಪ್ರಜಾಮತ’, ‘ಕರ್ಮವೀರ’, 1965ರಲ್ಲಿ ಬಂದ ‘ಸುಧಾ’, 1983ರಲ್ಲಿ ಬಂದ ‘ತರಂಗ’ ಮೊದಲಾದ ಪತ್ರಿಕೆಗಳ ಧಾರಾವಾಹಿಗಳು ಮಧ್ಯಾಹ್ನದ ಒಂದು ಹೊತ್ತನ್ನು ಓದಿನ ಹೊತ್ತನ್ನಾಗಿ ಮಾಡಿದವು. ಊಟದ ಪಾತ್ರೆಗಳನ್ನು ತೊಳೆದಿಟ್ಟ ಮೇಲಿನಿಂದ ಸಂಜೆಯ ಕಾಫಿಗೆ ಹಾಲು ಇಡುವವರೆಗಿನ ಒಂದು ಒಂದೂವರೆ ಗಂಟೆ ಕನ್ನಡ ಕಾದಂಬರಿಯ ಚರಿತ್ರೆಯಲ್ಲಿ ಎಷ್ಟು ಮುಖ್ಯವಾದದ್ದೆಂಬುದನ್ನು ಸಾಹಿತ್ಯ ಚರಿತ್ರೆಕಾರರು ಸಾಕಷ್ಟು ಗಮನಿಸಿಲ್ಲ. ಮನೆಗೆ ಪತ್ರಿಕೆ ಬಂದ ದಿನ ಮೊದಲು ಯಾರು ಓದಬೇಕೆಂಬ ತಕರಾರು, ಕಂತುಗಳ ಹಾಳೆಗಳನ್ನು ಕತ್ತರಿಸಿ ಸೂಜಿದಾರದಿಂದ ಹೊಲಿದು ಪುಸ್ತಕ ಮಾಡಿಡುವ ಜಾಣ್ಮೆ, ನೆರೆಮನೆಯವರಿಗೆ ಎರವಲು ಕೊಟ್ಟು ಅದರ ಬಗ್ಗೆ ಮಾತನಾಡುವ ಸಲಿಗೆ ಇವೆಲ್ಲ ಓದಿನ ಸುಖದ ಭಾಗಗಳೇ ಆಗಿದ್ದವು. ತ್ರಿವೇಣಿಯವರು ಮೂವತ್ತೈದು ವರ್ಷ ತುಂಬುವ ಮೊದಲೇ 1963ರಲ್ಲಿ ತೀರಿಕೊಂಡರೂ ಅವರ ಕಾದಂಬರಿಗಳು ಈ ಮಧ್ಯಾಹ್ನಗಳಲ್ಲಿ ದಶಕಗಳ ಕಾಲ ಬದುಕಿದವು. ಹೆಚ್ಚು ಶಾಲೆ ಕಲಿಯದ ಎಂ.ಕೆ. ಇಂದಿರಾ ಅವರು ನಲವತ್ತೈದು ದಾಟಿದ ಮೇಲೆ ಕಾದಂಬರಿ ಬರೆಯತೊಡಗಿ ಕನ್ನಡದ ಮುಖ್ಯ ಲೇಖಕಿಯಾದದ್ದು, ಓದುವ ಗೃಹಿಣಿ ಬರೆಯುವ ಗೃಹಿಣಿಯೂ ಆದ ಬಗೆಗೆ ಸಾಕ್ಷಿ.

ಗಂಭೀರ ವಿಮರ್ಶೆ ಈ ಓದನ್ನು ಜನಪ್ರಿಯ ಎಂಬ ಒಂದು ಮಾತಿನಲ್ಲಿ ಪಕ್ಕಕ್ಕಿಟ್ಟಿತು. ಪತ್ತೇದಾರಿ ಕಾದಂಬರಿಗಳನ್ನಂತೂ ಕಣ್ಣೆತ್ತಿಯೂ ನೋಡಲಿಲ್ಲ. ಪ್ರಾಥಮಿಕ ಶಾಲೆಯನ್ನೂ ಮುಗಿಸದ ಎನ್. ನರಸಿಂಹಯ್ಯನವರು ನೂರಾರು ಪತ್ತೇದಾರಿ ಕಾದಂಬರಿಗಳನ್ನು ಬರೆದರು. ಅವರ ಪತ್ತೇದಾರ ಪುರುಷೋತ್ತಮ ರೈಲು ನಿಲ್ದಾಣದ ಬೆಂಚಿನಲ್ಲಿ, ಗಿರಣಿಯ ಪಾಳಿ ಬದಲಾಗುವ ಹೊತ್ತಿನಲ್ಲಿ, ಬಾಡಿಗೆಗೆ ಪುಸ್ತಕ ಕೊಡುವ ಸರ್ಕ್ಯುಲೇಟಿಂಗ್ ಲೈಬ್ರರಿಗಳ ಮೂಲಕ ಓದುಗರನ್ನು ತಲುಪಿದನು. ದಿನಕ್ಕೆ ಇಷ್ಟು ಪೈಸೆಯೆಂದು ಬಾಡಿಗೆ ಏರುತ್ತಿದ್ದುದರಿಂದ ಪುಸ್ತಕವನ್ನು ಬೇಗ ಮುಗಿಸಲೇಬೇಕಾಗಿತ್ತು. ಗಡುವು ಓದುಗನಿಗೆ ಹೊರೆಯಾಗದೆ ಪ್ರೇರಣೆಯಾದ ಒಂದು ಅಪರೂಪದ ಸಂದರ್ಭವಿದು. ಇದರ ಪಕ್ಕದಲ್ಲಿಯೇ 1956ರಲ್ಲಿ ಆರಂಭವಾದ ‘ಕಸ್ತೂರಿ’ ಮಾಸಪತ್ರಿಕೆ ಪಾ.ವೆಂ. ಆಚಾರ್ಯರ ಸಂಪಾದಕತ್ವದಲ್ಲಿ ಬೇರೊಂದು ಉಪಾಯ ಹುಡುಕಿತು: ಸಂಚಿಕೆಯ ಕೊನೆಯಲ್ಲಿ ದೊಡ್ಡ ಗ್ರಂಥವೊಂದರ ಸಂಗ್ರಹರೂಪವನ್ನು ಕೊಡುವ ಪುಸ್ತಕ ವಿಭಾಗ. ಪುಸ್ತಕವನ್ನು ಸಂಕ್ಷೇಪಿಸುವುದು ಅದಕ್ಕೆ ಮಾಡುವ ಅನ್ಯಾಯವೆಂಬ ಆಕ್ಷೇಪ ಸರಿಯೇ ಇರಬಹುದು. ಆದರೆ ಇಂಗ್ಲಿಷ್ ಬಾರದ, ಊರಿನಲ್ಲಿ ಗ್ರಂಥಾಲಯವಿಲ್ಲದ ಓದುಗನಿಗೆ ಜಗತ್ತಿನ ಪುಸ್ತಕಗಳು ಒಂದು ಭಾನುವಾರದ ಅಳತೆಗೆ ದೊರೆತದ್ದು ಅದರಿಂದಲೇ.

ಓದಿನ ಸಮಯದ ಬಗ್ಗೆ ಶಾಸ್ತ್ರೀಯವಾಗಿ ಚಿಂತಿಸಿದವರಲ್ಲಿ ಎಸ್.ಆರ್. ರಂಗನಾಥನ್ ಅವರ ಸ್ಥಾನ ದೊಡ್ಡದು. ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾಗಿ, 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಪ್ರತಿಪಾದಿಸುವ ಗ್ರಂಥವನ್ನು ಪ್ರಕಟಿಸಿದರು. 1962ರಲ್ಲಿ ಬೆಂಗಳೂರಿನಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿ, 1972ರಲ್ಲಿ ಇದೇ ನಗರದಲ್ಲಿ ನಿಧನರಾದರು. ತಮ್ಮ ಉಳಿತಾಯದ ಒಂದು ಲಕ್ಷ ರೂಪಾಯಿಯನ್ನು ಮದ್ರಾಸ್ ವಿಶ್ವವಿದ್ಯಾನಿಲಯಕ್ಕೆ ಪತ್ನಿ ಶಾರದಾ ಅವರ ಹೆಸರಿನ ದತ್ತಿಯಾಗಿ ಕೊಟ್ಟವರು ಅವರೆಂಬುದನ್ನು ದತ್ತಿ ಉಪನ್ಯಾಸವೊಂದರಲ್ಲಿ ನೆನೆಯುವುದು ಅನುಚಿತವಾಗಲಾರದು. ಅವರ ನಾಲ್ಕನೆಯ ಸೂತ್ರ ಓದುಗನ ಸಮಯವನ್ನು ಉಳಿಸಬೇಕೆನ್ನುತ್ತದೆ. ಮೇಲ್ನೋಟಕ್ಕೆ ಇದು ಆಡಳಿತದ ಸಣ್ಣ ನಿಯಮದಂತೆ ಕಂಡರೂ ಇದರ ಹಿಂದಿನ ವಿಚಾರ ಆಳವಾದದ್ದು: ಓದುಗನ ಬಳಿ ಇರುವ ಹೊತ್ತು ಸ್ವಲ್ಪವೇ, ಆ ಸ್ವಲ್ಪವೂ ಪುಸ್ತಕ ಹುಡುಕುವುದರಲ್ಲಿ, ಚೀಟಿ ಬರೆದು ಕಾಯುವುದರಲ್ಲಿ ಕಳೆದುಹೋದರೆ ಅದು ಗ್ರಂಥಾಲಯದ ತಪ್ಪೇ ಹೊರತು ಓದುಗನದಲ್ಲ. ಆದ್ದರಿಂದಲೇ ಅವರು ತೆರೆದ ಕಪಾಟಿನ ಪದ್ಧತಿಯನ್ನು, ಎಂದರೆ ಓದುಗನು ತಾನೇ ಕಪಾಟಿನ ಮುಂದೆ ನಿಂತು ಪುಸ್ತಕವನ್ನು ಮುಟ್ಟಿ ನೋಡಿ ಆರಿಸಿಕೊಳ್ಳುವ ಕ್ರಮವನ್ನು, ಬಲವಾಗಿ ಸಮರ್ಥಿಸಿದರು. ಅವರ ಪ್ರಯತ್ನದಿಂದ 1948ರಲ್ಲಿ ಮದ್ರಾಸ್ ಪ್ರಾಂತದಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಂದಿತು; ಅಂದಿನ ಮೈಸೂರು ರಾಜ್ಯ 1965ರಲ್ಲಿ ತನ್ನದೇ ಕಾಯಿದೆಯನ್ನು ಮಾಡಿಕೊಂಡಿತು.

ಈ ಕಾಯಿದೆಯ ಪ್ರಕಾರ ಕರ್ನಾಟಕದಲ್ಲಿ ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರವನ್ನು ಸಂಗ್ರಹಿಸುತ್ತವೆ. ತೆರಿಗೆಯ ಶೇ 6ರಷ್ಟಿರುವ ಈ ಕರವನ್ನು ಮನೆಗಂದಾಯ ಕಟ್ಟುವ ಪ್ರತಿಯೊಬ್ಬರೂ ಕಟ್ಟುತ್ತಾರೆ, ರಸೀದಿಯಲ್ಲಿ ಆ ಸಾಲನ್ನು ಗಮನಿಸುವವರು ಮಾತ್ರ ಕಡಿಮೆ. ಹೀಗೆ ಹಣ ಕಟ್ಟಿದ ನಾಗರಿಕನು ಕೆಲಸದಿಂದ ಬಿಡುವು ಪಡೆದು ಗ್ರಂಥಾಲಯಕ್ಕೆ ಹೋಗುವ ಹೊತ್ತಿಗೆ ಬಾಗಿಲು ತೆರೆದಿರಬೇಕೆಂಬುದು ನಾಲ್ಕನೆಯ ಸೂತ್ರದ ಸಹಜ ಫಲಿತ. ನಗರದ ಕೇಂದ್ರ ಗ್ರಂಥಾಲಯಗಳು ಸಂಜೆಯವರೆಗೆ ತೆರೆದಿದ್ದು, ಭಾನುವಾರವನ್ನು ಬಿಟ್ಟು ಸೋಮವಾರ ರಜೆ ಮಾಡುವುದು ಈ ವಿವೇಕದಿಂದಲೇ. ಬಡಾವಣೆಯ ಸಣ್ಣ ಶಾಖೆಗಳಲ್ಲಿ ಮತ್ತು ಹಳ್ಳಿಗಳಲ್ಲಿ ಈ ವಿವೇಕ ಸಮನಾಗಿ ಹಂಚಿಕೆಯಾಗಿಲ್ಲ. 2019ರ ಅನಂತರ ರಾಜ್ಯದ ಐದು ಸಾವಿರಕ್ಕೂ ಹೆಚ್ಚು ಗ್ರಾಮೀಣ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿ, ಅರಿವು ಕೇಂದ್ರಗಳೆಂಬ ಹೆಸರಿನಲ್ಲಿ ಹೊಸ ಜೀವ ಪಡೆದಿವೆ. 2020ರಲ್ಲಿ, ಶಾಲೆಗಳು ಮುಚ್ಚಿದ್ದ ಕಾಲದಲ್ಲಿ, ‘ಓದುವ ಬೆಳಕು’ ಕಾರ್ಯಕ್ರಮದಡಿ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆತದ್ದು ಕನ್ನಡದ ಓದಿನ ಚರಿತ್ರೆಯಲ್ಲಿ ದಾಖಲಾಗಬೇಕಾದ ಘಟನೆ. ಪಟ್ಟಣಗಳಲ್ಲಿ ಗ್ರಂಥಾಲಯದ ಮೇಜುಗಳನ್ನು ಇಂದು ತುಂಬಿರುವವರು ಬಹುತೇಕ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯುವಕ ಯುವತಿಯರು. ಅವರಿಗೆ ಬೇರೆ ಜಾಗವಿಲ್ಲವೆಂಬುದು ನಿಜ. ಆದರೆ ಸುಖಕ್ಕಾಗಿ ಓದಲು ಬಂದ ನಿವೃತ್ತರೂ ಮಕ್ಕಳೂ ಕುಳಿತುಕೊಳ್ಳಲು ಕುರ್ಚಿಯಿಲ್ಲದೆ ಹಿಂದಿರುಗುವಂತಾದರೆ ಗ್ರಂಥಾಲಯವು ಟ್ಯೂಷನ್ ಕೊಠಡಿಯಾಗಿಯೇ ಉಳಿಯುತ್ತದೆ.

ಪುರುಸೊತ್ತು ಯಾರಿಗೆ ಇಲ್ಲ ಎಂಬ ಪ್ರಶ್ನೆಯನ್ನು ಈಗ ಎತ್ತಿಕೊಳ್ಳಬಹುದು. ಜನರು ದಿನದ ಇಪ್ಪತ್ತನಾಲ್ಕು ಗಂಟೆಗಳನ್ನು ಯಾವ ಯಾವ ಕೆಲಸಕ್ಕೆ ವ್ಯಯಿಸುತ್ತಾರೆಂಬುದನ್ನು ಮನೆಮನೆಗೆ ಹೋಗಿ ಕೇಳಿ ದಾಖಲಿಸುವ ಅಧ್ಯಯನಕ್ಕೆ ಸಮಯ ಬಳಕೆ ಸಮೀಕ್ಷೆ ಎಂದು ಹೆಸರು. ಭಾರತದ ರಾಷ್ಟ್ರೀಯ ಸಾಂಖ್ಯಿಕ ಕಚೇರಿ ಇಂಥ ದೇಶವ್ಯಾಪಿ ಸಮೀಕ್ಷೆಯನ್ನು 2019ರಲ್ಲಿಯೂ 2024ರಲ್ಲಿಯೂ ನಡೆಸಿತು. 2024ರ ಸಮೀಕ್ಷೆಯಂತೆ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 289 ನಿಮಿಷಗಳನ್ನು ಕೊಟ್ಟರೆ, ಅದೇ ಕೆಲಸದಲ್ಲಿ ತೊಡಗಿದ ಗಂಡಸರು ಕೊಟ್ಟದ್ದು 88 ನಿಮಿಷ. ಈ ಎರಡು ಅಂಕಿಗಳ ನಡುವಿನ ಅಂತರ ಮೂರು ಗಂಟೆಗೂ ಹೆಚ್ಚು. ಸಂಬಳದ ಕೆಲಸವನ್ನೂ ಮಾಡುವ ಹೆಂಗಸರಿಗೆ ಧಾರಾವಾಹಿಯ ಕಾಲದ ಆ ಮಧ್ಯಾಹ್ನವೂ ಇಂದು ಉಳಿದಿಲ್ಲ. ಸಂಜೆ ಮನೆಗೆ ಬಂದವರನ್ನು ಎರಡನೆಯ ಪಾಳಿ ಕಾದಿರುತ್ತದೆ. ಓದಿನ ಅಭಿಯಾನಗಳು ಪುಸ್ತಕದ ಮಹತ್ವವನ್ನು ಎಷ್ಟು ಸಾರಿದರೂ ಈ ಲೆಕ್ಕ ಬದಲಾಗದೆ ಅರ್ಧ ಸಮಾಜದ ಓದು ಬೆಳೆಯಲಾರದು.

ಮೊಬೈಲ್ ಫೋನನ್ನು ಇಲ್ಲಿ ಆರೋಪಿಯಾಗಿ ನಿಲ್ಲಿಸುವುದು ಸುಲಭ. ಅದು ಕಸಿದುಕೊಂಡ ಹೊತ್ತು ಕಡಿಮೆಯಲ್ಲ. ಬಸ್ಸು ಕಾಯುವಾಗಿನ ಹತ್ತು ನಿಮಿಷ, ಮಲಗುವ ಮುಂಚಿನ ಅರ್ಧ ಗಂಟೆ ಇವೇ ಹಿಂದೆ ಕಾದಂಬರಿಗೆ ಸಲ್ಲುತ್ತಿದ್ದ ತುಣುಕುಗಳು. ಆದರೆ ಅದೇ ಯಂತ್ರ ಗಮಕವನ್ನೂ ಕಥಾವಾಚನವನ್ನೂ ಮತ್ತೆ ಕಿವಿಗೆ ತಂದಿದೆ, ಪಾತ್ರೆ ತೊಳೆಯುವ ಕೈಗಳಿಗೂ ಪುಸ್ತಕ ದೊರೆಯುವಂತೆ ಮಾಡಿದೆ. ಕೇಳುವುದು ಓದಲ್ಲ ಎಂಬ ಆಕ್ಷೇಪ ಕುಮಾರವ್ಯಾಸನನ್ನು ಕಿವಿಯಿಂದಲೇ ಪಡೆದ ನಾಡಿಗೆ ಒಪ್ಪುವುದಿಲ್ಲ.

ಸಮಯ ದೊರೆತ ಮೇಲೆ ಅದನ್ನು ಉಳಿಸಿಕೊಡುವುದು ಸುಖವೊಂದೇ. ಕರ್ತವ್ಯವೆಂದು ಹಿಡಿದ ಪುಸ್ತಕ ಇಪ್ಪತ್ತನೆಯ ಪುಟದಲ್ಲಿ ನಿಂತು, ಅದನ್ನು ಮುಗಿಸದೆ ಬೇರೊಂದನ್ನು ಹಿಡಿಯಬಾರದೆಂಬ ಹಟದಿಂದ ಓದೇ ನಿಂತುಹೋಗುವುದುಂಟು. ಹಿಡಿಸದ ಪುಸ್ತಕವನ್ನು ಅರ್ಧದಲ್ಲಿ ಬಿಡುವ ಸ್ವಾತಂತ್ರ್ಯ ಓದುಗನಿಗೆ ಇದೆ ಎಂಬುದನ್ನು ಶಾಲೆಗಳು ಮಕ್ಕಳಿಗೆ ಹೇಳಿಕೊಡುವುದಿಲ್ಲ. ಕುಮಾರವ್ಯಾಸ ಭಾರತದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಭಾಮಿನಿ ಷಟ್ಪದಿಗಳಿವೆ ಎಂದಾಗ ಅದು ಎತ್ತಲಾಗದ ಭಾರವೆನಿಸುತ್ತದೆ. ದಿನಕ್ಕೆ ಇಪ್ಪತ್ತೈದು ಪದ್ಯಗಳಂತೆ, ಇಬ್ಬರು ಸೇರಿ ದನಿಯೆತ್ತಿ ಓದಿದರೆ, ಅದು ಅರ್ಧ ಗಂಟೆಯ ಕೆಲಸವಾಗಿ ಒಂದು ವರ್ಷದೊಳಗೆ ಮುಗಿಯುತ್ತದೆ. ಜತೆಗೊಬ್ಬರಿದ್ದರೆ ಓದು ತಪ್ಪುವುದು ಕಡಿಮೆ, ಡಿ.ವಿ. ಗುಂಡಪ್ಪನವರು 1945ರಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯಲ್ಲಿ ಅಧ್ಯಯನ ಗೋಷ್ಠಿಗಳು ವರ್ಷಾನುವರ್ಷ ನಡೆದದ್ದು ವಾರದ ದಿನ ಗೊತ್ತಿದ್ದುದರಿಂದ, ಬಾರದವರನ್ನು ಯಾರಾದರೂ ವಿಚಾರಿಸುತ್ತಿದ್ದುದರಿಂದ.

ಗ್ರಾಮ ಪಂಚಾಯಿತಿಗಳು ಮತ್ತು ನಗರ ಸಂಸ್ಥೆಗಳು ಮುಂದಿನ ವರ್ಷದ ಆಯವ್ಯಯವನ್ನು ಸಿದ್ಧಪಡಿಸುವಾಗ ಹೊಸ ಕಟ್ಟಡದ ಶಂಕುಸ್ಥಾಪನೆಗಿಂತ ಮೊದಲು, ಇರುವ ಗ್ರಂಥಾಲಯವನ್ನು ಹೊಲದಿಂದ, ಗಾರ್ಮೆಂಟ್ಸ್ ಕಾರ್ಖಾನೆಯಿಂದ, ಕಚೇರಿಯಿಂದ ಜನ ಮರಳಿದ ಮೇಲೂ ಎರಡು ಗಂಟೆ ತೆರೆದಿಡಲು ಬೇಕಾದ ಸಿಬ್ಬಂದಿಯ ಸಂಬಳವನ್ನು ಸೇರಿಸಬೇಕು. ಗ್ರಂಥಾಲಯ ಕರ ಕಟ್ಟುವ ನಾಗರಿಕರು ತಮ್ಮ ವಾರ್ಡಿನ ಗ್ರಂಥಾಲಯ ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎಂಬುದನ್ನು ಹೋಗಿ ನೋಡಿ, ಅದು ತಮಗೆ ಒದಗದ ಹೊತ್ತಾಗಿದ್ದರೆ ಲಿಖಿತವಾಗಿ ಕೇಳಬೇಕು. ಕಾಯಿದೆ ಬಂದು ಅರವತ್ತು ವರ್ಷಗಳಾಗಿವೆ.